ಬಿಳಿ ಲಾಡಿಯ ಗಂಟು

ವಾರ್ಡ್ ಕಚೇರಿಯ ಸಭೆಯಲ್ಲಿ ಬಾಯಿ ಬಿಡಬೇಕಾದರೆ ಹಳದಿ ಚೀಟಿ ಬೇಕು. ಚೀಟಿ ಬೇಕಾದರೆ ಬಾಗಿಲಲ್ಲಿ ಕೂತ ಕಾರ್ಯದರ್ಶಿಗೆ ಮನೆ ಕಂದಾಯದ ರಸೀದಿ ತೋರಿಸಬೇಕು. ರಸೀದಿ ಇರಬೇಕಾದರೆ ಆ ವಾರ್ಡಿನಲ್ಲಿ ಮನೆ ಇರಬೇಕು. ಹತ್ತೊಂಬತ್ತು ವರ್ಷದಿಂದ ಅಲ್ಲಿನ ಹದಿನಾಲ್ಕು ಬೀದಿಗಳ ಕಸ ಎತ್ತುತ್ತಿದ್ದ ಮೇಸ್ತ್ರಿಗೆ ಅಲ್ಲಿ ಮನೆಯಿರಲಿಲ್ಲ. ಯಾರಿಗೆ ಸಕ್ಕರೆ ಕಾಯಿಲೆ, ಯಾರು ಹೆಂಡತಿಗೆ ಗೊತ್ತಾಗದ ಹಾಗೆ ಕುಡಿಯುತ್ತಾರೆ, ಯಾರ ಮನೆಯ ಅಡುಗೆ ಅರ್ಧಕ್ಕರ್ಧ ತಿಪ್ಪೆಗೆ ಹೋಗುತ್ತದೆ, ಎಲ್ಲವೂ ಅವಳಿಗೆ ಗೊತ್ತಿತ್ತು. ಇಷ್ಟೆಲ್ಲ ಗೊತ್ತಿರುವವಳ ಕೈಗೆ ಮೈಕ್ ಕೊಡದೆ ಇದ್ದದ್ದು ಒಂದು ಲೆಕ್ಕದಲ್ಲಿ ಆ ವಾರ್ಡಿನವರ ಜಾಣತನವೇ.

ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಮೇಸ್ತ್ರಿ ಎಂದೇ. ಕಸದ ಕೆಲಸದ ಎಂಟು ಹೆಂಗಸರಿಗೆ ಅವಳು ಮುಂದಾಳು. ಆ ಎಂಟರಲ್ಲಿ ಒಬ್ಬಳು ಅವಳ ಒಡಹುಟ್ಟಿದ ತಂಗಿ. ಎರಡು ತಿಂಗಳ ಹಿಂದೆ, ಬೆಳಗಿನ ಏಳು ಗಂಟೆಗೆ, ಮೂರನೇ ಬೀದಿಯಲ್ಲಿ, ಹಸಿ ಕಸ ಒಣ ಕಸ ಬೇರೆ ಮಾಡಲೆಂದು ತಂಗಿ ಒಂದು ಕರಿ ಚೀಲದ ಕುತ್ತಿಗೆಯನ್ನು ಚಾಕುವಿನಿಂದ ಕೊಯ್ದಳು. ಒಳಗಿದ್ದದ್ದು ಹಿಂದಿನ ದಿನದ ಪಟಾಕಿಯ ಕಸ. ಠುಸ್ ಅಂದು ಸುಮ್ಮನಾಗಿದ್ದ ಒಂದು ದಪ್ಪ ಪಟಾಕಿ ಸುಟ್ಟ ಕಾಗದಗಳ ನಡುವೆ ಒಳಗೊಳಗೇ ಹೊಗೆಯಾಡುತ್ತಿತ್ತು. ಗಾಳಿ ಸೋಕಿದ್ದೇ ತಡ, ಸಿಡಿಯಿತು. ಬಲಗೈಯ ಕಿರುಬೆರಳು, ಉಂಗುರದ ಬೆರಳು ಎರಡೂ ಹೋದವು.

ಉಳಿದ ಮೂರು ಬೆರಳಲ್ಲಿ ಪೊರಕೆ ಹಿಡಿಯುವುದನ್ನು ತಂಗಿ ಅಡುಗೆಮನೆಯ ನೆಲದ ಮೇಲೆ ದಿನಾ ಅಭ್ಯಾಸ ಮಾಡುತ್ತಿದ್ದಳು. ಸೋಮವಾರ ಅವಳು ಕೆಲಸಕ್ಕೆ ಮರಳಬೇಕು. ಅದೇ ವಾರ ಶುಕ್ರವಾರದಿಂದ ಮೂರು ದಿನ ಹಬ್ಬ, ಊರಿಗೆ ಊರೇ ಪಟಾಕಿ ಹೊಡೆಯುವ ಹೊತ್ತು. ಅಷ್ಟರೊಳಗೆ ಮೇಸ್ತ್ರಿಗೆ ಒಂದೇ ಒಂದು ನಿಯಮ ಬೇಕಿತ್ತು: ಹೊಡೆದ ಪಟಾಕಿಯ ಕಸವನ್ನು ಒಂದು ಬಕೆಟ್ ನೀರಿನಲ್ಲಿ ನೆನೆಸಿ ಆಮೇಲೆ ಚೀಲಕ್ಕೆ ತುಂಬಬೇಕು. ಆಕಾಶದ ಚಂದ್ರನನ್ನೇನೂ ಅವಳು ಕೇಳಿರಲಿಲ್ಲ.

ಶನಿವಾರ ಮಧ್ಯಾಹ್ನ ಕಚೇರಿಯ ಮೆಟ್ಟಿಲ ಮೇಲೆ ಹೆಡ್ ಮಿಸ್ ಅವಳ ಕೈಗೆ ತಮ್ಮ ಹಳದಿ ಚೀಟಿ ತುರುಕಿದರು. ಹೆಡ್ ಮಿಸ್ ಎಂದರೆ ಮೂವತ್ತು ವರ್ಷ ಆ ವಾರ್ಡಿನ ಶಾಲೆ ನಡೆಸಿ ನಿವೃತ್ತರಾದವರು. ವಾರ್ಡಿನ ಅಧ್ಯಕ್ಷ ಈಗಲೂ ಅವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. ಪಟಾಕಿಯೇ ಬೇಡ ಎಂದು ಮನೆಮನೆ ತಿರುಗಿ ನಾನೂರು ಸಹಿ ಹಾಕಿಸಿದ್ದವರೂ ಅವರೇ. ತಂಗಿ ಆಸ್ಪತ್ರೆಯಲ್ಲಿದ್ದಾಗ ಕಿತ್ತಳೆ ಹಣ್ಣು ಹಿಡಿದು ಎರಡು ಸಲ ಬಂದಿದ್ದರು. ಆ ಸಹಿ ಸಂಗ್ರಹ ಶುರುವಾದದ್ದು ಕೈ ಸಿಡಿದ ನಾಲ್ಕನೇ ದಿನಕ್ಕೆ.

"ಪೂರ್ತಿ ನಿಷೇಧ ಬೇಕು ಅಂತ ಹೇಳು," ಅಂದರು ಹೆಡ್ ಮಿಸ್. "ತಂಗಿ ಕೈ ವಿಷಯ ಹೇಳು. ಕಣ್ಣೀರು ಬಂದ್ರೆ ತಡೀಬೇಡ. ಯಾರ ಮನೆ ಚೀಲ, ಏನು, ಆ ತಂಟೆಯೆಲ್ಲ ಬೇಡ. ಕರಿ ಚೀಲಕ್ಕೇನು ಹೆಸರಿರುತ್ತಾ?"

"ನಂಗೆ ಬಕೆಟ್ ನೀರು ಸಾಕು ಮೇಡಂ."

"ಕೇಳೋದಿದ್ರೆ ದೊಡ್ಡದನ್ನೇ ಕೇಳ್ಬೇಕು. ಒಂದು ಚೀಟಿಗೆ ಮೂರೇ ನಿಮಿಷ ಇರುತ್ತೆ, ಹಾಳು ಮಾಡ್ಕೋಬೇಡ."

ಮೇಸ್ತ್ರಿ ತಲೆಯಾಡಿಸಿದಳು. ಸೊಂಟದ ಚೀಲದಲ್ಲಿದ್ದ ಒಂದು ಪುಟ್ಟ ಪೊಟ್ಟಣದ ಮೇಲೆ ಅವಳ ಕೈ ತಾನಾಗಿ ಹೋಯಿತು. ಎರಡು ತಿಂಗಳಿಂದ ಅದು ಅಲ್ಲೇ ಇತ್ತು. ಅದನ್ನು ಹೊರಗೆ ತೆಗೆಯಲೇಬಾರದು ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಅವಳಿಗೆ ಚೀಟಿ ಕೊಟ್ಟವರು ಇವರೊಬ್ಬರೇ. ಹಲ್ಲು ಕಚ್ಚಿ ಮೂರು ನಿಮಿಷ ದಾಟಿದರೆ ನಿಯಮ ಸಿಗಬಹುದಿತ್ತು.

ಸಭಾಂಗಣದಲ್ಲಿ ಎಂಬತ್ತು ಕುರ್ಚಿ, ನೂರಿಪ್ಪತ್ತು ಜನ, ತಿರುಗುತ್ತಿದ್ದದ್ದು ಎರಡೇ ಫ್ಯಾನು. ಮೊದಲು ಬೀದಿ ದೀಪದ ಜಗಳ. ಆರನೇ ಬೀದಿಯ ದೀಪ ಹಗಲಿಡೀ ಉರಿದು ಸಂಜೆ ಆರುತ್ತದಂತೆ. ಆಮೇಲೆ ಚರಂಡಿ. ಚರಂಡಿ ಚಪ್ಪಡಿ ಯಾರು ಕದ್ದರು ಎಂಬಲ್ಲಿಂದ ಶುರುವಾಗಿ ಯಾರ ಅಪ್ಪ ಏನು ಕದ್ದಿದ್ದ ಎಂಬಲ್ಲಿಗೆ ಮುಟ್ಟಿತು. ಅಧ್ಯಕ್ಷ ಮೇಜು ಕುಟ್ಟಿ ಕುಟ್ಟಿ ಅಂಗೈ ಕೆಂಪು ಮಾಡಿಕೊಂಡ. ಆ ಹೊತ್ತಿಗೆ ಜನಕ್ಕೆ ಹದವಾಗಿ ಸಿಟ್ಟು ಏರಿತ್ತು. ಆಗ ಬಂತು ಪಟಾಕಿಯ ವಿಷಯ.

ಪಟಾಕಿ ಅಂಗಡಿಯವನಿಗೆ ಸರಪಟಾಕಿ ಎಂದೇ ಅಡ್ಡಹೆಸರು. ಒಮ್ಮೆ ಬಾಯಿ ಹತ್ತಿಕೊಂಡರೆ ಕೊನೆ ಮುಟ್ಟುವವರೆಗೆ ಆರುತ್ತಿರಲಿಲ್ಲ. ಅವನ ಹಿಂದೆ ನಲವತ್ತು ಜನ ಇದ್ದರು. "ವರ್ಷಕ್ಕೆ ಮೂರು ದಿನ ಖುಷಿ ಪಡೋಕೂ ಇವರ ಪರ್ಮಿಷನ್ ಬೇಕಾ? ಸಹಿ ಮಾಡಿದ ನಾನೂರು ಜನದಲ್ಲಿ ಮುನ್ನೂರು ಜನ ಹೋದ ವರ್ಷ ನನ್ನ ಅಂಗಡೀಲೇ ಕ್ಯೂ ನಿಂತಿದ್ರು!" ಎಂದು ಕೂಗಿದ. ನಿಷೇಧ ಬೇಕೆನ್ನುವ ಈಚೆ ಕಡೆಯವರು ಅವನನ್ನು ಕೊಲೆಗಾರ ಎಂದರು. ಆಚೆ ಕಡೆಯವರು ಇವರನ್ನು ಸೊಟ್ಟ ಮೂತಿಯ ಮುದುಕರು ಎಂದರು.

ಮೇಸ್ತ್ರಿ ಮೈಕಿನ ಮುಂದೆ ಹೋಗಿ ನಿಂತಳು.

"ಯಾರದ್ದಮ್ಮಾ ಚೀಟಿ?" ಎಂದ ಕಾರ್ಯದರ್ಶಿ.

"ನನ್ನದು. ನನ್ನ ಪರವಾಗಿ ಮಾತಾಡ್ತಾಳೆ," ಅಂದರು ಮುಂದಿನ ಸಾಲಿನ ಹೆಡ್ ಮಿಸ್. ಕಾರ್ಯದರ್ಶಿಯೂ ಅವರ ಶಿಷ್ಯನೇ. ಸುಮ್ಮನಾದ.

"ನಾನು ಜಾಸ್ತಿ ಏನೂ ಕೇಳಲ್ಲ," ಅಂದಳು ಮೇಸ್ತ್ರಿ. ಅವಳ ದನಿ ಮೈಕಿನಲ್ಲಿ ಅವಳಿಗೇ ಪರಕೀಯವಾಗಿ ಕೇಳಿಸಿತು. "ಹೊಡೀರಿ, ಬಿಡಿ, ಅದು ನಿಮಗೆ ಬಿಟ್ಟಿದ್ದು. ಹೊಡೆದ ಮೇಲೆ ಕಸಾನ ಬಕೆಟ್ ನೀರಲ್ಲಿ ನೆನೆಸಿ ಚೀಲಕ್ಕೆ ಹಾಕಿ. ನನ್ನ ತಂಗೀದು ಎರಡು ಬೆರಳು ಹೋಯ್ತು. ಸೋಮವಾರ ಮತ್ತೆ ಕೆಲಸಕ್ಕೆ ಬರ್ತಾಳೆ. ಇನ್ನೂ ಎಂಟು ಬೆರಳಿದೆ."

ಒಂದು ಕ್ಷಣ ಸಭೆ ಮೆತ್ತಗಾದದ್ದು ನಿಜ. ಆದರೆ ಅವಳ ಮಾತು ಎರಡೂ ಕಡೆಯವರಿಗೆ ರುಚಿಸಲಿಲ್ಲ. "ನಿಷೇಧ ಅನ್ನು, ನಿಷೇಧ!" ಎಂದು ಹೆಡ್ ಮಿಸ್ ಹಲ್ಲಿನ ಸಂದಿಯಲ್ಲಿ ಪಿಸುಗುಟ್ಟಿದರು. ಸರಪಟಾಕಿ ಆಗಲೇ ಎದ್ದು ನಿಂತಿದ್ದ.

"ಯಾವ ಮನೆ ಚೀಲ ಅದು? ಹೇಳಲಿ! ಎರಡು ತಿಂಗಳಿಂದ ಕೇಳ್ತಿದೀನಿ, ಯಾರೂ ಹೇಳ್ತಿಲ್ಲ. ಯಾಕೆ? ಚೀಲಾನೇ ಇರ್ಲಿಲ್ಲ. ಉಳಿದಿದ್ದು ಪಳಿದಿದ್ದು ಆರಿಸ್ಕೊಂಡು ಮನೆಗೆ ಒಯ್ಯೋದು ಇವರ ಚಾಳಿ. ಕದ್ದು ಜೇಬಿಗೆ ಹಾಕ್ಕೊಳ್ಳೋಕೆ ಹೋಗಿ ಕೈ ಸುಟ್ಕೊಂಡಿದಾಳೆ. ಕಳ್ಳತನಕ್ಕೂ ನಮ್ಮ ಪಟಾಕೀನೇ ಕಾರಣಾನಾ?"

ಹಿಂದಿನ ಸಾಲುಗಳು ಗೊಳ್ಳೆಂದು ನಕ್ಕವು. ಮೇಸ್ತ್ರಿ ಹೆಡ್ ಮಿಸ್ ಕಡೆ ನೋಡಿದಳು. ಇವರೊಬ್ಬರು ಎದ್ದು, ಆ ಹುಡುಗಿ ಕಳ್ಳಿಯಲ್ಲ ಎಂದಿದ್ದರೆ ಸಾಕಿತ್ತು. ಮುಂದೆ ಆದದ್ದು ಯಾವುದೂ ಆಗುತ್ತಿರಲಿಲ್ಲ.

ಹೆಡ್ ಮಿಸ್ ಎದ್ದರು ಕೂಡ. "ಆ ಚೀಲ ಇವನ ಅಂಗಡಿ ಹಿಂದಿನದು," ಅಂದರು ಶಾಲೆಯ ಮೈದಾನಕ್ಕೆ ಕೇಳಿಸುವ ಆ ಹಳೆಯ ದನಿಯಲ್ಲಿ. "ನಮ್ಮ ಮೂರನೇ ಬೀದೀಲಿ ಪಟಾಕಿ ಮುಟ್ಟೋರು ಒಬ್ಬರೂ ಇಲ್ಲ. ಇವನೇ ಅಂಗಡಿ ಕಸ ತಂದು ಅಲ್ಲಿ ಬಿಸಾಕಿದ್ದಾನೆ. ಹೇಳು ಮೇಸ್ತ್ರಿ. ಹೌದು ತಾನೇ?"

ಇಡೀ ಸಭೆ ಅವಳತ್ತ ತಿರುಗಿತು. ಹೌದು ಎಂದರೆ ಸರಪಟಾಕಿಯ ಕಥೆ ಮುಗಿಯಿತು, ತಂಗಿಯ ಮೇಲಿನ ಮಾತೂ ಅಳಿಸುತ್ತದೆ, ನಿಷೇಧವೂ ಬರುತ್ತದೆ. ಸರಪಟಾಕಿ ಕೆಟ್ಟ ಬಾಯಿಯವನು, ಅವನ ಮೇಲೆ ಅವಳಿಗೆ ಎಳ್ಳಷ್ಟೂ ಕನಿಕರವಿರಲಿಲ್ಲ. ಆದರೂ ಅವಳಿಗೆ ಮೈ ಉರಿದದ್ದು ಅವನ ಮೇಲಲ್ಲ. ಕಿತ್ತಳೆ ಹಣ್ಣು ಹಿಡಿದು ಬಂದು, ಬ್ಯಾಂಡೇಜಿನ ಕೈ ಸವರಿ, ಈಗ ತನ್ನ ಬಾಯಲ್ಲೇ ಸುಳ್ಳು ಹೇಳಿಸುತ್ತಿದ್ದಾರಲ್ಲ!

ಅವಳು ಸೊಂಟದ ಚೀಲದಿಂದ ಪೊಟ್ಟಣ ತೆಗೆದು ಬಿಚ್ಚಿದಳು. ಒಳಗೆ ಕರಿ ಪ್ಲಾಸ್ಟಿಕ್ಕಿನ ಒಂದು ತುಂಡು ಕುತ್ತಿಗೆ. ಅದರ ಸುತ್ತ ಬಿಳಿ ಲಾಡಿ ಎರಡು ಸುತ್ತು ಅಡ್ಡ, ಎರಡು ಸುತ್ತು ಉದ್ದ, ತುದಿ ಕಾಣದ ಹಾಗೆ ಒಳಗೆ ಸಿಕ್ಕಿಸಿದ ಗಂಟು.

"ಕರಿ ಚೀಲಕ್ಕೆ ಹೆಸರಿಲ್ಲ ಅಂತೀರಿ," ಅಂದಳು. "ನಮಗೆ ಗಂಟೇ ಹೆಸರು. ಹದಿನೇಳನೇ ನಂಬರಿನವರು ಮೊಲದ ಕಿವಿ ಥರ ಕಟ್ಟೋದು. ಡಾಕ್ಟರ ಮನೇದು ರಬ್ಬರ್ ಬ್ಯಾಂಡು. ಈ ಸರಪಟಾಕಿಯವರು ಕಟ್ಟೋದೇ ಇಲ್ಲ, ಹಾಗೇ ಎಸೀತಾರೆ. ಈ ಗಂಟು ಬಿಚ್ಚೋಕೇ ಬರಲ್ಲ, ಅದಕ್ಕೇ ತಂಗಿ ಕೆಳಗೆ ಕೊಯ್ದಿದ್ದು. ಇದು ಯಾರದ್ದು ಅಂತ ನಾನು ಹೇಳಲ್ಲ. ನೀವೇ ನೋಡಿ."

ನೋಡಲು ಹತ್ತಿರ ಹೋಗಬೇಕಾದದ್ದೇ ಇರಲಿಲ್ಲ. ಆ ಸಭೆಯ ಅರ್ಧ ಜನ ಚಿಕ್ಕಂದಿನಲ್ಲಿ ಉತ್ತರ ಪತ್ರಿಕೆಗಳ ಕಟ್ಟುಗಳನ್ನು ಎದೆಗವಚಿಕೊಂಡು ಹೆಡ್ ಮಿಸ್ ಕೋಣೆಗೆ ಹೊತ್ತವರು. ಅದೇ ಬಿಳಿ ಲಾಡಿ, ಅದೇ ಒಳಗೆ ಸಿಕ್ಕಿಸಿದ ಗಂಟು. ಯಾರೂ ಬಿಚ್ಚಿ ಅಂಕ ತಿದ್ದಬಾರದೆಂದು ಅವರೇ ಹಾಕುತ್ತಿದ್ದದ್ದು. ನಿವೃತ್ತರಾದ ಮೇಲೆ ಲಾಡಿಯ ಉಂಡೆಗಳು ಮನೆಗೆ ಬಂದವು, ಅಭ್ಯಾಸವೂ ಜೊತೆಗೇ ಬಂತು.

"ಮಿಸ್," ಎಂದ ಅಧ್ಯಕ್ಷ, ಅಧ್ಯಕ್ಷನೆಂಬುದನ್ನೇ ಮರೆತು. "ಇದು ನಿಮ್ಮ ಕಟ್ಟು."

ಹೆಡ್ ಮಿಸ್ ಕುಳಿತುಬಿಟ್ಟರು. "ಅಳಿಯಂಗೆ ಬಡ್ತಿ ಬಂದಿತ್ತು," ಅಂದರು. "ಪಟಾಕಿ ಬೇಡ ಅಂದೆ. ಕೇಳ್ಲಿಲ್ಲ. ನಾನು ಬರೀ ಗುಡಿಸಿ ಕಟ್ಟಿದ್ದು." ಆಮೇಲೆ ತಲೆಯೆತ್ತಿ ಮೇಸ್ತ್ರಿಯನ್ನು ನೋಡಿದರು. ಆ ಕಣ್ಣಲ್ಲಿ ನಾಚಿಕೆ ಇತ್ತೋ ಇಲ್ಲವೋ, ದ್ವೇಷವಂತೂ ತುಂಬಿತ್ತು. "ಚೀಟಿ ಕೊಟ್ಟವಳು ನಾನು. ಉಂಡ ಮನೆಗೇ ಎರಡು ಬಗೆದೆಯಲ್ಲೇ!"

"ನಿಮ್ಮ ಮನೇಲಿ ನಾನು ಉಂಡಿಲ್ಲ ಮೇಡಂ. ಎಂಜಲು ಎತ್ತಿದೀನಿ."

ಸಭೆ ಸಿಡಿಯಿತು. ಸರಪಟಾಕಿ ಕುರ್ಚಿಯ ಮೇಲೆ ಹತ್ತಿ ಕುಣಿದ. ಈಚೆ ಕಡೆಯವರಿಗೆ ಅವನಿಗಿಂತ ಹೆಚ್ಚು ಸಿಟ್ಟು ಬಂದದ್ದು ಮೇಸ್ತ್ರಿಯ ಮೇಲೆ. "ನಮ್ಮ ಕಸ ಕೆದಕೋಕೆ ಇವಳ್ಯಾರು?" ಎಂದರು. "ನಾಳೆ ನಮ್ಮ ಮನೆ ಗುಟ್ಟೂ ಮೈಕಿಗೆ ಬರುತ್ತೆ," ಎಂದರು. ಪಟಾಕಿಯ ವಿಷಯ ಮುಂದಿನ ಸಭೆಗೆ ಹೋಯಿತು. ಬಕೆಟ್ ನೀರನ್ನು ಯಾರೂ ಬರೆದುಕೊಳ್ಳಲೂ ಇಲ್ಲ. ಅದರ ಬದಲು ಕಾರ್ಯದರ್ಶಿ ಒಂದು ಹೊಸ ನಿರ್ಣಯ ಓದಿದ: ಹಳದಿ ಚೀಟಿಯನ್ನು ಇನ್ನು ಮುಂದೆ ಬೇರೆಯವರಿಗೆ ಕೊಡುವಂತಿಲ್ಲ. ಅಂದಿನ ಸಭೆಯಲ್ಲಿ ಎರಡೂ ಕಡೆಯವರು ಒಟ್ಟಿಗೆ ಕೈ ಎತ್ತಿದ್ದು ಅದೊಂದಕ್ಕೇ.

ಮೇಸ್ತ್ರಿ ಮನೆಗೆ ಬಂದಾಗ ತಂಗಿ ಎಡಗೈಯಲ್ಲಿ ಪಾತ್ರೆ ಉಜ್ಜುತ್ತಿದ್ದಳು. ನಡೆದದ್ದನ್ನು ಕೇಳಿ ನಲ್ಲಿ ನಿಲ್ಲಿಸಿದಳು.

"ಗಂಟು ನಾನೂ ನೋಡಿದ್ದೆ ಅಕ್ಕಾ. ಕೊಯ್ಯೋ ಮುಂಚೇನೇ."

"ಮತ್ತೆ ಇಷ್ಟು ದಿನ ಹೇಳ್ಲಿಲ್ಲ?"

"ನೀನು ಹೇಳಿದ್ಯಾ?"

ಆಸ್ಪತ್ರೆಯಲ್ಲಿ ಕಿತ್ತಳೆ ಸುಲಿದು ತಂಗಿಯ ಬಾಯಿಗಿಟ್ಟ ಹೆಡ್ ಮಿಸ್ ಕೈಯನ್ನು ಅಕ್ಕ ತಂಗಿಗಾಗಿ, ತಂಗಿ ಅಕ್ಕನಿಗಾಗಿ ಸಹಿಸಿಕೊಂಡಿದ್ದರು. ಮೇಸ್ತ್ರಿ ಹೊಸ್ತಿಲ ಹತ್ತಿರ ಕೂತು ಅತ್ತಳು. ಅದು ದುಃಖಕ್ಕಿಂತ ಹೆಚ್ಚಾಗಿ ಕೋಪ. "ನಿಯಮ ಸಿಗ್ಲಿಲ್ಲ ಕಣೇ," ಎಂದಳು.

"ಅವರು ಕೊಡೋ ನಿಯಮ ತಾನೇ ಸಿಗದೇ ಇದ್ದಿದ್ದು," ಎಂದಳು ತಂಗಿ, ಮತ್ತೆ ನಲ್ಲಿ ತಿರುಗಿಸುತ್ತಾ.

ಸೋಮವಾರ ಏಳಕ್ಕೆ ಗಾಡಿ ಮೂರನೇ ಬೀದಿಗೆ ಬಂತು. ಎಂಟು ಹೆಂಗಸರೂ ಇದ್ದರು. ಸಭೆಯ ಸುದ್ದಿ ಹಬ್ಬಿತ್ತು. ಕಿಟಕಿಗಳಲ್ಲಿ ಮುಖಗಳಿದ್ದವು, ಪಕ್ಕದ ಬೀದಿಯ ಮಹಡಿಯಲ್ಲಿ ಸರಪಟಾಕಿ ಹಲ್ಲುಜ್ಜುವ ನೆಪದಲ್ಲಿ ನಿಂತಿದ್ದ. ಹೆಡ್ ಮಿಸ್ ಗೇಟಿನ ಮುಂದೆ ಕರಿ ಚೀಲ ಕೂತಿತ್ತು. ಬಿಳಿ ಲಾಡಿ, ಎರಡು ಸುತ್ತು ಅಡ್ಡ, ಎರಡು ಸುತ್ತು ಉದ್ದ. ಮುಪ್ಪಿನ ಅಭ್ಯಾಸ ಅವಮಾನಕ್ಕೆ ಬಿಟ್ಟುಹೋಗುವಂಥದ್ದಲ್ಲ.

ತಂಗಿ ಚಾಕು ತೆಗೆಯಲಿಲ್ಲ. ಗೇಟಿನ ಗಂಟೆ ಒತ್ತಿದಳು.

ಹೆಡ್ ಮಿಸ್ ಹೊರಗೆ ಬಂದರು. "ಏನು? ಇನ್ನೂ ಮುಗೀಲಿಲ್ವಾ ನಿಮ್ದು?"

"ಚೀಲ ಬಿಚ್ಚಿ ತೋರಿಸಿ ಮೇಡಂ."

"ಅದು ನಿಮ್ಮ ಕೆಲಸ."

"ಎತ್ತೋದು ನಮ್ಮ ಕೆಲಸ. ಬಿಚ್ಚೋದು ಇವತ್ತಿಂದ ನಿಮ್ದು. ಈ ಮನೆ ಅಂತಲ್ಲ, ಹದಿನಾಲ್ಕು ಬೀದೀಲೂ. ಒಳಗೆ ಏನಿದೆ ಅಂತ ನೀವೇ ಕೈ ಹಾಕಿ ತೋರಿಸ್ಬೇಕು, ಆಮೇಲೆ ನಾವು ಮುಟ್ತೀವಿ."

"ನಾನು ದೂರು ಕೊಡ್ತೀನಿ."

"ಕೊಡಿ. ನಿಮ್ಹತ್ರ ಹಳದಿ ಚೀಟಿ ಇದೆಯಲ್ಲ," ಎಂದಳು ಮೇಸ್ತ್ರಿ ಹಿಂದಿನಿಂದ.

ಬೀದಿಯ ಎರಡೂ ತುದಿಗೆ ಕಣ್ಣು ಹಾಯಿಸಿದರು ಹೆಡ್ ಮಿಸ್. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಹಾಕಿಕೊಂಡರೆ ಚೀಲ ಅಲ್ಲೇ ಉಳಿಯುತ್ತದೆ, ನಾಳೆಯೂ, ನಾಡಿದ್ದೂ, ನಾರುತ್ತಾ, ಅವರದೇ ಗಂಟು ಹೊತ್ತು. ಅವರು ಮೆಲ್ಲಗೆ ಗೇಟಿನ ಮೆಟ್ಟಿಲ ಮೇಲೆ ಕೂತು ಚೀಲವನ್ನು ಎಳೆದುಕೊಂಡರು. ಉಗುರು ಹಾಕಿದರು. ಲಾಡಿ ಅಲುಗಲಿಲ್ಲ. ಹಲ್ಲು ಹಾಕಲು ಹೋಗಿ, ವಾಸನೆಗೆ ಮುಖ ತಿರುಗಿಸಿದರು. ಮೂವತ್ತು ವರ್ಷ ಯಾರಿಗೂ ಬಿಚ್ಚಲಾಗದಂತೆ ಹಾಕಿದ ಗಂಟು ಅದು.

"ಆ ಚಾಕು ಕೊಡು," ಅಂದರು ಕೊನೆಗೆ, ತಲೆ ತಗ್ಗಿಸಿಯೇ.

ತಂಗಿ ಮೂರು ಬೆರಳಿನ ಕೈಯಲ್ಲಿ ಚಾಕು ಹಿಡಿದು, ಹಿಡಿಕೆಯ ಕಡೆಯಿಂದ ಅವರತ್ತ ಚಾಚಿದಳು. ಹೆಡ್ ಮಿಸ್ ಅದನ್ನು ತೆಗೆದುಕೊಳ್ಳಬೇಕಾದರೆ ಆ ಕೈಯನ್ನು ನೋಡಲೇಬೇಕಿತ್ತು.

"ನಿಧಾನಕ್ಕೆ ಕೊಯ್ಯಿರಿ ಮೇಡಂ," ಅಂದಳು ತಂಗಿ. "ಒಳಗೆ ಏನಿರುತ್ತೋ ಗೊತ್ತಾಗಲ್ಲ."