ಅಂಗುಲ ಉದ್ದದ ಜೀವಕೋಶ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದರು. ಸುಳ್ಳಲ್ಲ. ಆದರೆ 1985ರ ಸರಸ್ವತಿ ಪೂಜೆಯ ಸಂಜೆ ನನ್ನ ಜಾಗದಲ್ಲಿ ಯಾರಿದ್ದರೂ ಕೂಗಾಡುತ್ತಿದ್ದರು.

ಆಗ ನಾನು ಕೊಯಮತ್ತೂರಿನಿಂದ ದಿನಾ ಬಸ್ಸು ಹಿಡಿದು ಪೆರಿಯನಾಯಕನಪಾಳ್ಯಂನ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ವಿಜ್ಞಾನ ಕಲಿಸಲು ಹೋಗುತ್ತಿದ್ದೆ. ಅಲ್ಲಿ ಹತ್ತನೇ ತರಗತಿ ಮುಗಿಸಿದ ಹುಡುಗಿಯರಿಗೆ ಮುಂದಿನ ದಾರಿ ಒಂದೇ, ರಸ್ತೆಯಾಚೆಯ ಮಿಲ್ಲು. ಪ್ಲಸ್ ಒನ್‌ನಲ್ಲಿ, ಅಂದರೆ ಹನ್ನೊಂದನೇ ತರಗತಿಯಲ್ಲಿ, ಸೈನ್ಸ್ ಗ್ರೂಪ್ ತೆರೆಯಿರಿ ಎಂದು ಎರಡು ವರ್ಷ ಶಾಲೆಯ ಕಮಿಟಿಯ ಬೆನ್ನು ಹತ್ತಿದ್ದೆ. ಕಮಿಟಿಯ ಅಧ್ಯಕ್ಷ ಅಯ್ಯಾಸಾಮಿ ಮಿಲ್ಲಿನಲ್ಲಿ ಹತ್ತಿ ಮೂಟೆ ಬಿಚ್ಚುವ ಕೆಲಸದಿಂದ ಶುರುಮಾಡಿ ಸ್ವಂತ ವರ್ಕ್‌ಶಾಪ್ ಇಟ್ಟವರು, ಮನೆಯಲ್ಲಿ ನಮ್ಮಂತೆ ಕನ್ನಡ ಆಡುವವರು. ಕೊನೆಗೆ ಅವರು ಒಂದು ಮಾತು ಹೇಳಿದರು.

"ವಿಜಯದಶಮಿ ಕಾಲೈಲಿ ಹತ್ತು ಗಂಟೆಗೆ ನಾವು ನಾಲ್ಕು ಜನ ಬರ್ತೀವಿ ಟೀಚರಮ್ಮ. ಈ ಸೈನ್ಸಲ್ಲಿ ಹೆಣ್ಮಕ್ಳು ಏನ್ ನೋಡ್ತಾರೋ ನಮಗೂ ತೋರ್ಸಿ. ಮನಸ್ಸಿಗೆ ಹಿಡಿಸಿದ್ರೆ ಗ್ರೂಪ್ ಉಂಟು. ಇಲ್ಲಾಂದ್ರೆ ಈ ಮಾತು ಇಲ್ಲಿಗೇ ಬಿಡಿ."

ಶಾಲೆಯಲ್ಲಿ ಸೂಕ್ಷ್ಮದರ್ಶಕ ಇರಲಿಲ್ಲ. ನಾನು ಓದಿದ ಕಾಲೇಜಿನ ಪ್ರೊಫೆಸರ್ ವ್ಯಾಸರಾಯರ ಮುಂದೆ ಅಂಗಲಾಚಿ ಒಂದನ್ನು ವಾರದ ಮಟ್ಟಿಗೆ ತಂದೆ. ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನ ಹಾಗೆ ಕೂರಿಸಿಕೊಂಡು ಬಂದಿದ್ದೆ.

ಅದನ್ನು ಸರಸ್ವತಿಯ ಮುಂದೆ ಇಟ್ಟವಳು ಅಂಗಮ್ಮ. ಶಾಲೆಯ ಆಯಾ, ಅವಳ ಮನೆಮಾತೂ ಕನ್ನಡವೇ. ಹನ್ನೊಂದು ವರ್ಷದಿಂದ ಗುಡಿಸುವುದು, ಬೆಲ್ಲು ಹೊಡೆಯುವುದು, ಹೆಡ್‌ಮಿಸ್ಟ್ರೆಸ್ ಕರೆದಾಗ ಓಡುವುದು ಅವಳ ಕೆಲಸ. ಅದಕ್ಕೂ ಮೊದಲು ಹತ್ತಿ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯಲ್ಲಿದ್ದಳು. ಅವಳ ಮಗಳು ರುಕ್ಮಣಿ ನನ್ನ ಹತ್ತನೇ ತರಗತಿಯಲ್ಲಿದ್ದಳು. ಒಂದು ಪಾಠವನ್ನೂ ನೆಟ್ಟಗೆ ಮುಗಿಸಲು ಬಿಡದಷ್ಟು ಪ್ರಶ್ನೆ ಕೇಳುವ ಹುಡುಗಿ. ಗ್ರೂಪ್ ಬರದಿದ್ದರೆ ಜೂನ್‌ನಲ್ಲಿ ಅವಳು ಮಿಲ್ಲಿಗೆ ಸೇರಬೇಕಿತ್ತು. ಆದ್ದರಿಂದಲೇ ಅಂಗಮ್ಮ ಆ ಯಂತ್ರಕ್ಕೆ ಎಲ್ಲಕ್ಕಿಂತ ಭಕ್ತಿಯಿಂದ ಪೂಜೆ ಮಾಡಿದ್ದಳು. ಮೇಲಿನ ಲೆನ್ಸಿಗೆ ಗಂಧ, ಅದರ ಮೇಲೆ ಕುಂಕುಮ. ಕೆಳಗಿನ ಎರಡು ಲೆನ್ಸಿಗೂ ಬಿಡದೆ ಒಂದೊಂದು ಬೊಟ್ಟು.

ನೋಡಿದ ಕೂಡಲೇ ನಾನು ಕೂಗಿದೆ. "ಏನ್ ಮಾಡಿದೆ ಅಂಗಮ್ಮ ನೀನು?"

"ಆಯುಧ ಪೂಜೇಲಿ ಮುಖಕ್ಕೆ ತಾನೇ ಪೊಟ್ಟು ಇಡೋದು ಟೀಚರಮ್ಮ? ನೀವು ದಿನಾ ಕಣ್ಣಿಟ್ಟು ನೋಡೋ ಜಾಗ ಯಾವ್ದೋ ಅದೇ ಮುಖ ಅಂತ ಇಟ್ಟೆ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. ಒರೆಸೋಣವೆಂದು ಕೈ ಚಾಚಿದರೆ ಹೆಡ್‌ಮಿಸ್ಟ್ರೆಸ್ ರಾಜಾಮಣಿ ಅಡ್ಡ ಬಂದರು. ಪೂಜೆಗಿಟ್ಟ ಸಾಮಾನನ್ನು ಮರುದಿನ ಮರುಪೂಜೆ ಆಗುವ ತನಕ ಯಾರೂ ಮುಟ್ಟಕೂಡದು. ನನ್ನ ಕೋಪವೆಲ್ಲ ಅಂಗಮ್ಮನ ಮೇಲೆ ತಿರುಗಿತು. "ನಿನ್ನ ಮಗಳ ದಾರಿಗೆ ನೀನೇ ಕಲ್ಲು ಹಾಕಿದೆ. ಇನ್ನು ಮೇಲೆ ಇದರ ಹತ್ತಿರವೂ ಸುಳಿಯಬೇಡ," ಎಂದೆ. ಅವಳ ಮುಖ ಸಣ್ಣಗಾಯಿತು. ಆ ಮಾತಿಗೆ ನನಗೆ ಇವತ್ತೂ ನಾಚಿಕೆಯಾಗುತ್ತದೆ.

ಮರುದಿನ ಮಂಗಳಾರತಿ ಮುಗಿಯುವಾಗ ಒಂಬತ್ತೂವರೆ. ಕಮಿಟಿ ಬರುವುದು ಹತ್ತಕ್ಕೆ. ಗಂಧ ಕಲ್ಲಾಗಿತ್ತು. ಮೇಲಿನ ಲೆನ್ಸನ್ನು ನಾನು ಹೇಗೋ ತಿಕ್ಕಿ ತಿಳಿ ಮಾಡಿದೆ. ಕೆಳಗಿನವಕ್ಕೆ ನನ್ನ ಸೀರೆಯ ಸೆರಗು ಒರಟಾಯಿತು. ಬೈಸಿಕೊಂಡಿದ್ದ ಅಂಗಮ್ಮ ದೀಪದ ಬತ್ತಿಗೆಂದು ಇಟ್ಟಿದ್ದ ಹತ್ತಿ ತಂದು, ನೀರಿನಲ್ಲಿ ಅದ್ದಿ ಹಿಂಡಿ, ಕೂಸಿನ ಕಣ್ಣು ಒರೆಸುವ ಹಾಗೆ ಒರೆಸಿ ಕೊಟ್ಟಳು. ಕೆಳಗಿನ ಎರಡರಲ್ಲಿ ದೊಡ್ಡದು ಮಸುಕಾಗಿಯೇ ಉಳಿಯಿತು, ಚಿಕ್ಕದು ಹೊಳೆಯಿತು. ಅಷ್ಟು ಸಾಕು ಎಂದುಕೊಂಡು, ಈರುಳ್ಳಿಯ ತೆಳು ಪೊರೆ ಕಿತ್ತು ಗಾಜಿನ ಮೇಲಿಟ್ಟೆ.

ಅಯ್ಯಾಸಾಮಿಯವರೂ ಅವರ ಜೊತೆಗೆ ಮೂವರು ಹಳೇ ಮಿಲ್ಲಿನವರೂ ಬಂದು ಬೆಂಚಿನ ಮೇಲೆ ಕುಳಿತರು. ನಾನು ಕಥೆ ಶುರುಮಾಡಿದೆ. ಮುನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬ ಬಾಟಲಿಯ ಬಿರಡೆಯಿಂದ ತೆಳುವಾದ ಚೂರು ಕೊಯ್ದು ಹೀಗೆಯೇ ನೋಡಿದ. ಸಾಲುಸಾಲಾಗಿ ಕೋಣೆಗಳು ಕಂಡವು. ಆಮೇಲೆ ನೋಡಿದಲ್ಲೆಲ್ಲ ಕೋಣೆಗಳೇ, ಎಲೆಯಲ್ಲಿ, ಬೇರಿನಲ್ಲಿ, ನಮ್ಮ ಚರ್ಮದಲ್ಲಿ. ಅವನ್ನೇ ಜೀವಕೋಶ ಎನ್ನುವುದು.

ಅಯ್ಯಾಸಾಮಿ ಒಂದು ಕಣ್ಣು ಮುಚ್ಚಿ ಬಗ್ಗಿದರು. ಬಹಳ ಹೊತ್ತು ನೋಡಿದರು.

"ಕೋಣೆ ಇದೆ, ಸರಿ. ಇಟ್ಟಿಗೆ ಜೋಡಿಸ್ದಂಗೆ. ಅದರ ಮೇಲೆ ಒಂದು ಲಾಡಿ ತಿರುಚ್ಕೊಂಡು ಬಿದ್ದಿದೆಯಲ್ಲಾ, ಅದು ಏನು?"

ನಾನು ನೋಡಿದೆ. ಅಂಗಮ್ಮ ಒರೆಸಿದ ಹತ್ತಿಯ ಒಂದು ಎಳೆ ಪೊರೆಯ ಮೇಲೆ ಬಿದ್ದಿತ್ತು. ಅಯ್ಯೋ ದೇವರೇ ಎಂದು ಗಾಜು ತೆಗೆಯಲು ಹೋದೆ.

ಹಿಂದಿನಿಂದ ಅಂಗಮ್ಮ ಸಣ್ಣ ದನಿಯಲ್ಲಿ, "ಅದು ಪಂಜು ಟೀಚರಮ್ಮ, ನನ್ ಕೈಯಿಂದ ಬಿದ್ದಿದ್ದು. ತಪ್ಪಾಯ್ತು," ಎಂದಳು.

ಪಂಜು ಎಂದರೆ ಆ ಕಡೆಯ ಮಾತಿನಲ್ಲಿ ಹತ್ತಿ. ಆ ಮಾತು ಕೇಳಿದ್ದೇ ನನ್ನ ಕೈ ಅಲ್ಲೇ ನಿಂತಿತು. ಕಾಲೇಜಿನಲ್ಲಿ ಓದಿ ಮರೆತದ್ದು ತಟ್ಟನೆ ತಲೆಗೆ ಬಂತು.

"ಅಯ್ಯಾ," ಎಂದೆ, "ಆ ಲಾಡಿ ಪೂರ್ತಿ ಸೇರಿ ಒಂದೇ ಕೋಣೆ. ಹತ್ತಿಯ ಒಂದು ಎಳೆ ಎಂದರೆ ಒಂದೇ ಒಂದು ಜೀವಕೋಶ."

"ಒಂದೇ ಕೋಣೆನಾ? ಕೈಲಿ ಹಿಡಿಯೋಕೆ ಆಗುತ್ತಲ್ಲಮ್ಮ ಅದು."

"ಎಷ್ಟುದ್ದ ಇರುತ್ತೆ, ನೀವೇ ಹೇಳಿ."

ಅಯ್ಯಾಸಾಮಿ ಅಂಗಮ್ಮನತ್ತ ತಿರುಗಿದರು. ಅವಳು ಉಳಿದ ಬತ್ತಿಯ ಹತ್ತಿಯಿಂದ ಚಿಟಿಕೆಯಷ್ಟು ತೆಗೆದು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದಳು. ಗಿಡ್ಡ ಎಳೆಗಳು ಉದುರಿದವು. ಜೋಡಿಸಿ ಮತ್ತೆ ಎಳೆದಳು, ಮತ್ತೊಮ್ಮೆ. ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹತ್ತಿಯ ದರ್ಜೆ ನೋಡುತ್ತಿದ್ದದ್ದು ಹಾಗೆಯೇ. ಬೆರಳ ಮೇಲೆ ನೆಟ್ಟಗೆ ಮಲಗಿದ ಎಳೆಗಳಿಗೆ ಉಗುರು ಇಟ್ಟು ಅಳೆದು, "ಅಂಗುಲದ ಮೇಲೆ ಚೂರು," ಎಂದಳು. ಬೆಂಚಿನ ಮೇಲಿದ್ದ ಮೂವರೂ ಎದ್ದು ಬಂದರು. ಆ ಉದ್ದದ ಮೇಲೆ ಬದುಕು ಕಟ್ಟಿದವರು ಅವರು.

ನಾನು ಹೇಳುತ್ತಾ ಹೋದೆ. ಬೀಜದ ಸಿಪ್ಪೆಯ ಮೇಲೆ ಮೊದಲು ಎಲ್ಲ ಕೋಶಗಳೂ ಒಂದೇ ತರಹ ಇರುತ್ತವೆ. ಹೂ ಅರಳುವ ದಿನ ಅವುಗಳಲ್ಲಿ ಕೆಲವು ಎದ್ದು ಉದ್ದವಾಗತೊಡಗುತ್ತವೆ. ಪಕ್ಕದವು ಸಿಪ್ಪೆಯಾಗಿಯೇ ಉಳಿಯುತ್ತವೆ. ಒಂದೊಂದಕ್ಕೆ ಒಂದೊಂದು ಕೆಲಸ.

ಅಂಗಮ್ಮ ತಡೆಯಲಾರದೆ ಕೇಳಿದಳು. "ಅದೇ ಬೀಜ, ಅದೇ ತೊಗಲು. ಇದೊಂದಕ್ಕೆ ನೀನು ಪಂಜಾಗು ಅಂತ ಹೇಳ್ದೋರು ಯಾರು ಟೀಚರಮ್ಮ?"

ಎಲ್ಲರೂ ನನ್ನ ಮುಖ ನೋಡಿದರು. ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. "ನನಗೆ ಗೊತ್ತಿಲ್ಲ ಅಂಗಮ್ಮ. ದೊಡ್ಡ ದೊಡ್ಡ ಪಂಡಿತರಿಗೂ ಪೂರ್ತಿ ಗೊತ್ತಿಲ್ಲ," ಎಂದೆ. ಗ್ರೂಪ್ ಹೋಯಿತು ಎಂದುಕೊಂಡೆ.

ಬಾಗಿಲ ಬಳಿ ನಿಂತಿದ್ದ ರುಕ್ಮಣಿ ಬಾಯಿ ಹಾಕಿದಳು. "ಹೂ ಬಿಟ್ಟ ದಿನ ಒಂದು ಕಾಯಿ ಕುಯ್ದು ನೋಡ್ಬೇಕು ಟೀಚರ್. ಮಾರ್ನೇ ದಿನ ಇನ್ನೊಂದು, ಅದರ ಮಾರ್ನೇ ದಿನ ಇನ್ನೊಂದು. ಯಾವಾಗ ಬೇರೆ ಆಗುತ್ತೆ ಅಂತಾದ್ರೂ ಗೊತ್ತಾಗುತ್ತಲ್ಲ? ಮಾವನ ಹೊಲದಲ್ಲಿ ಗಿಡ ಇದೆ, ತರ್ತೀನಿ."

"ಅದಕ್ಕೆ ಎಷ್ಟು ದಿನ ಬೇಕಮ್ಮ?" ಎಂದು ಅಯ್ಯಾಸಾಮಿ ಕೇಳಿದರು.

ರುಕ್ಮಣಿ ಲೆಕ್ಕ ಹಾಕುವವಳ ಹಾಗೆ ಮೇಲೆ ನೋಡಿದಳು. "ಹತ್ತನೇ ಕ್ಲಾಸ್ ಮುಗಿಯೋದ್ರೊಳಗೆ ಆಗಲ್ಲ ಅಯ್ಯಾ."

ಮೊದಲು ನಕ್ಕವರು ಅಯ್ಯಾಸಾಮಿ. ಅವರು ನಕ್ಕ ಮೇಲೆ ಮೂವರೂ ನಕ್ಕರು. ಕಣ್ಣೊರೆಸಿಕೊಂಡು ಅವರು, "ನಾನು ಹದಿನಾರು ವರ್ಷ ಈ ಪಂಜಿನ ದೂಳು ಕುಡ್ದೋನು. ಇದು ಏನು ಅಂತ ಕೇಳ್ಬೇಕು ಅನ್ನಿಸ್ಲೇ ಇಲ್ಲ," ಎಂದರು. ಆಮೇಲೆ ಹೆಡ್‌ಮಿಸ್ಟ್ರೆಸ್ ಕಡೆ ತಿರುಗಿ ತಮಿಳಿನಲ್ಲಿ, ಗ್ರೂಪ್ ತೆರೆಯುವುದಕ್ಕೆ ಕಮಿಟಿ ಒಪ್ಪಿದೆ, ವಿಜಯದಶಮಿಗಿಂತ ಒಳ್ಳೆಯ ದಿನ ಸಿಗುವುದಿಲ್ಲ, ಮೊದಲ ಹೆಸರು ಇವತ್ತೇ ಬರೆಯಿರಿ ಎಂದರು.

ನನಗೆ ಅಳು ಬಂತು, ಸಂತೋಷಕ್ಕೆ. ಅಂಗಮ್ಮ ಗೋಡೆಗೆ ಒರಗಿ ನಿಂತಿದ್ದಳು. ಎಲ್ಲರೂ ನೋಡಿಯಾಗಿತ್ತು, ಅವಳು ಮಾತ್ರ ಹತ್ತಿರ ಬಂದಿರಲಿಲ್ಲ. ನಾನೇ ಅವಳ ಕೈ ಹಿಡಿದು ಕರೆತಂದು ಸ್ಟೂಲಿನ ಮೇಲೆ ಕೂರಿಸಿ, ಒಂದು ಕಣ್ಣು ಮುಚ್ಚಿಸಿದೆ.

ಆಫೀಸಿನಿಂದ ಹೆಡ್‌ಮಿಸ್ಟ್ರೆಸ್ ಕರೆದರು. ರುಕ್ಮಣಿಯ ಹೆಸರು ಬರೆದಾಗಿದೆ, ತಾಯಿ ಬಂದು ಹೆಬ್ಬೆಟ್ಟು ಒತ್ತಲಿ. ಎರಡನೇ ಸಲ ಇನ್ನೂ ಜೋರಾಗಿ ಕರೆದರು.

ಅಂಗಮ್ಮ ಕಣ್ಣು ತೆಗೆಯಲಿಲ್ಲ.

"ಚೂರು ಇರಕ್ಕೆ ಹೇಳಿ ಟೀಚರಮ್ಮ," ಎಂದಳು. "ನಾನು ನೋಡ್ತಾ ಇದೀನಿ."