ಮೀಟರ್ ನೋಡುವವರು

"ಬೇಜಾರು ಮಾಡ್ಕೋಬೇಡಿ ಆಂಟಿ, ಈ ತಿಂಗಳ ಕೊನೆಗೆ ನಾವು ಮನೆ ಖಾಲಿ ಮಾಡ್ತೀವಿ," ಎಂದಳು ಮಹಡಿಯ ಮನೆಯ ಹುಡುಗಿ, ಒಗೆದ ಬಟ್ಟೆ ಮಡಿಸುತ್ತಲೇ, ಮುಖ ಎತ್ತದೆ.

ಒಂದು ನಿಮಿಷಕ್ಕೆಂದು ಮೇಲೆ ಬಂದಿದ್ದ ಮನೆಯೊಡತಿ ಅಲ್ಲೇ ನಿಂತಳು. ಇವರು ಬಂದು ಇನ್ನೂ ಎರಡು ತಿಂಗಳು, ಕರಾರು ವರ್ಷದ್ದು. ಆದರೆ ಆಕೆಗೆ ತಟ್ಟನೆ ಹೊಳೆದದ್ದು ಕರಾರಲ್ಲ. ಇವರಿಗೆ ಗೊತ್ತಾಗಿಬಿಟ್ಟಿತೇ? ಕೆಳಗೆ ಕುರ್ಚಿಯಲ್ಲಿ ಕೂರಿಸಿ ಬಂದಿದ್ದ ಗಂಡನಿಗೆ ಈಚೆಗೆ ಮರೆವು ಶುರುವಾಗಿತ್ತು. ಒಮ್ಮೊಮ್ಮೆ ಹೆಂಡತಿಯನ್ನೇ, 'ನೀವು ಯಾರ ಮನೆಯವರಮ್ಮ?' ಎಂದು ಕೇಳುತ್ತಿದ್ದರು. ಆಕೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಮೈದುನನ ಕಿವಿಗೆ ಬಿದ್ದರೆ ಮುಗಿಯಿತು, 'ನಿಮ್ಮ ಕೈಲಾಗಲ್ಲ ಅತ್ತಿಗೆ' ಎಂದು ಅಣ್ಣನನ್ನು ವೃದ್ಧಾಶ್ರಮಕ್ಕೆ ಸೇರಿಸಿಯೇ ತೀರುವ ಮನುಷ್ಯ. ಈ ಬಾಡಿಗೆದಾರರನ್ನು ಹುಡುಕಿಕೊಟ್ಟವನೂ ಅವನೇ.

"ಯಾಕಮ್ಮ? ನೀರು ಸರಿಯಾಗಿ ಬರಲ್ವಾ?"

"ನೀರೆಲ್ಲ ಚೆನ್ನಾಗಿದೆ."

"ನನ್ನ ಹೊಲಿಗೆ ಮಿಷಿನ್ ಸದ್ದಾ?"

"ಅಯ್ಯೋ, ಇಲ್ಲ ಆಂಟಿ. ಇವ್ರಿಗೆ ಕೆಲಸ ದೂರ ಆಗುತ್ತೆ, ಅದಕ್ಕೆ."

ಇವರು, ಅಂದರೆ ಹುಡುಗಿಯ ಗಂಡ, ಕಾರು ಕಲಿಸುವ ಮೇಷ್ಟ್ರು. ಕಲಿಸುವ ಜಾಗ ಇದೇ ಬೀದಿಯ ತಿರುವಿನಲ್ಲಿ. ಸುಳ್ಳಿಗೂ ಒಂದು ತಲೆಬುಡ ಬೇಡವೇ? ಬಾಗಿಲ ಬಳಿ ನಿಂತಿದ್ದ ಮೇಷ್ಟ್ರಿಗೇ ತಡೆಯಲಾಗಲಿಲ್ಲ.

"ನಾವು ಕರೆಂಟ್ ಕದಿಯೋ ಜನ ಅಲ್ಲ ಆಂಟಿ."

"ಕರೆಂಟಾ?"

"ಮತ್ತೇನು? ಅಂಕಲ್ ದಿನಾ ಮೂರು ನಾಲ್ಕು ಸಲ ಬರ್ತಾರೆ. 'ಮೀಟರ್!' ಅಂತ ಕೂಗಿ ಸೀದಾ ಅಡುಗೆಮನೆಗೇ ನುಗ್ತಾರೆ. ಅಲ್ಲಿರೋ ಮೀಟರಿನ ಅಂಕಿ ಓದಿ, ಬೆರಳಲ್ಲಿ ಅಂಗೈ ಮೇಲೆ ಬರ್ಕೋತಾರೆ. ನಿನ್ನೆ ಇವಳು ಫ್ಯಾನ್ ಹಾಕೋಕೂ ಹೆದರಿ ಬೆವರ್ತಾ ಕೂತಿದ್ಳು. ತಪ್ಪು ತಿಳ್ಕೋಬೇಡಿ, ಇಂಥ ಜಿಪುಣತನ ನಾನೆಲ್ಲೂ ನೋಡಿಲ್ಲ."

ಗಂಡ ಮೆಟ್ಟಿಲು ಹತ್ತಿದಾಗೆಲ್ಲ ತಾರಸಿಗೆ, ಗಾಳಿಗೆ ಹೋದರು ಎಂದೇ ಆಕೆ ತಿಳಿದಿದ್ದಳು. ನಾಚಿಕೆಯಾಯಿತು; ಅದರ ಹಿಂದೆಯೇ, ಹೋದ ಜೀವ ಬಂದಂತೆಯೂ ಆಯಿತು. ಇವರಿಗೆ ಏನೂ ಗೊತ್ತಿಲ್ಲ! 'ಆಗಲಪ್ಪ, ಹೋಗಿ ಬನ್ನಿ' ಎಂದರೆ ಸಾಕು. ಮೈದುನನಿಗೆ ಇವರು ಹೇಳಿದರೂ ಹೇಳುವುದು ಇಷ್ಟೇ, ಮುದುಕ ಜಿಪುಣ ಅಂತ.

ಬಾಯಿ ತೆರೆದಳು. ಆದರೆ ತನ್ನ ಗಂಡ ಜಿಪುಣ! ಮನೆಮನೆ ಮೀಟರ್ ಓದುತ್ತ ಆಯಸ್ಸು ಸವೆಸಿದವರು, ಯಾರದ್ದಾದರೂ ಕರೆಂಟ್ ಕಿತ್ತ ದಿನ ಊಟ ಸೇರದೆ ಎದ್ದುಬಿಡುತ್ತಿದ್ದವರು.

"ಅನುಮಾನ ಅಲ್ಲ ಕಣಪ್ಪ," ಎಂದಳು ಕೊನೆಗೆ. "ಡ್ಯೂಟಿ ಮಾಡ್ತಿದಾರೆ. ರಿಟೈರ್ ಆಗಿದ್ದು ಮರೆತುಹೋಗಿದೆ ಅವರಿಗೆ. ಒಂದೊಂದು ಸಲ ನಾನೂ ಮರೆತುಹೋಗ್ತೀನಿ."

ಟವೆಲ್ ಹಿಡಿದ ಹುಡುಗಿಯ ಕೈ ಹಾಗೇ ನಿಂತಿತು.

"ಹೋಗೋದಾದ್ರೆ ಹೋಗಿ, ಕರಾರು ಗಿರಾರು ಅಂತ ಹಿಡ್ಕೊಳ್ಳಲ್ಲ. ನನ್ನ ಮೈದುನನ ಹತ್ರ ಮಾತ್ರ ಇದನ್ನ ಎತ್ತಬೇಡಿ. ಕರ್ಕೊಂಡು ಹೋಗ್ಬಿಡ್ತಾನೆ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಈಗ ಕೆಳಗೆ ಅಂಕಲ್ ಜೊತೆ ಯಾರಿದಾರೆ?" ಎಂದ ಮೇಷ್ಟ್ರು.

"ಯಾರೂ ಇಲ್ಲಪ್ಪ. ಒಂದು ನಿಮಿಷಕ್ಕೆ ಬಂದ್ಬಿಡೋಣ ಅಂತ..."

ಕೆಳಗೆ ಗೇಟಿನ ಚಿಲಕ ಸರಿದ ಸದ್ದಾಯಿತು. ಆಕೆ ಗೋಡೆ ಹಿಡಿದು ಮೆಟ್ಟಿಲಿಗೆ ಬರುವಷ್ಟರಲ್ಲಿ ಮೇಷ್ಟ್ರು ಪಕ್ಕದಲ್ಲೇ ನುಸುಳಿ, ಬರಿಗಾಲಲ್ಲಿ, ಎರಡೆರಡು ಮೆಟ್ಟಿಲು ಹಾರುತ್ತ ಇಳಿದು ಬೀದಿಗೆ ಓಡಿದ.