ಮೇಲ್ದುಟಿಯ ಮೇಲಿನ ಹೆಸರು

ಅಪ್ಪನ ತುಟಿಗಳನ್ನು ನೋಡುತ್ತಲೇ ಬೆಳೆದವನು ನಾನು. ಹುಟ್ಟುಕಿವುಡನಾದ ನನಗೆ ಅವುಗಳ ಚಲನೆ ಚೆನ್ನಾಗಿ ಕಾಣಲೆಂದು ಅವರು ಮೀಸೆಯನ್ನೇ ಬೋಳಿಸಿಕೊಂಡಿದ್ದರು. ಆದರೆ ನಾನು ಸನ್ನೆಗೆಂದು ಕೈಯೆತ್ತಿದರೆ ಹಿಡಿದು ಕೆಳಗಿಳಿಸಿ, "ಬಾಯಲ್ಲಿ ಹೇಳು" ಎನ್ನುತ್ತಿದ್ದರು. ಹೇಳಲು ಕಲಿತೆ. ನನ್ನ ದನಿ ಹೇಗಿದೆಯೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಅವರು ತೀರಿಕೊಂಡ ಬೆಳಿಗ್ಗೆ, ಪಡಸಾಲೆಯಲ್ಲಿ ಮಲಗಿಸಿದ್ದ ಅವರ ತುಟಿಗಳನ್ನೇ ನೋಡುತ್ತ ಕುಳಿತಿದ್ದೆ. ಅಳು ಬರಲಿಲ್ಲ. ಏನೂ ಬರಲಿಲ್ಲ. ಸುತ್ತ ನೆಂಟರ ಬಾಯಿಗಳು ತೆರೆದು ಮುಚ್ಚುತ್ತಿದ್ದವು. ಯಾರ ಮಾತನ್ನೂ ಓದಿಕೊಳ್ಳುವ ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಕಿವುಡರ ಸಂಘದ ನನ್ನ ಗೆಳೆಯರು ಬಂದರು. ಮುಂದೆ ವಿಮಲಾಕ್ಷಿ, ಹಿಂದೆ ಆರೇಳು ಜನ. ಅಪ್ಪನಿಗೆ ಕೈಮುಗಿದು, ನನ್ನ ಸುತ್ತ ಕುಳಿತು ಸನ್ನೆಯಲ್ಲಿ ಮಾತಾಡತೊಡಗಿದರು. ದೊಡ್ಡಪ್ಪ ನನ್ನ ಭುಜ ತಟ್ಟಿ ಎದುರಿಗೆ ನಿಂತರು. ಅವರ ತುಟಿಗಳನ್ನು ಓದಲೇಬೇಕಾಯಿತು.

"ಕೈ ಆಡಿಸೋದು ನಿಲ್ಲಿಸೋಕೆ ಹೇಳಪ್ಪ ಇವರಿಗೆ. ಸಾವಿನ ಮನೇಲಿ ಇದೇನು ಆಟ? ನಿಮ್ಮಪ್ಪನಿಗೂ ಇದು ಸೇರ್ತಿರಲಿಲ್ಲ."

ನಿಜ, ಸೇರುತ್ತಿರಲಿಲ್ಲ. ಆದರೂ ಎದ್ದು ನಿಂತೆ.

"ಆಟ ಅಲ್ಲ ದೊಡ್ಡಪ್ಪ, ಮಾತು. ನಾವು ಕಿವುಡರು, ನಮ್ಮ ಭಾಷೆ ಇದು. ಅಪ್ಪನ ಬಗ್ಗೆ ನಾನು ಇದರಲ್ಲೇ ಮಾತಾಡೋದು."

ಮತ್ತೆ ಬಾಯಿ ತೆರೆಯಲಿಲ್ಲ. ಅಪ್ಪನ ಎದುರೇ ಕೈಯೆತ್ತಿದೆ. ಚಿಕ್ಕಂದಿನಲ್ಲಿ ನನ್ನ ಅಂಗೈಯನ್ನು ತಮ್ಮ ಗಂಟಲ ಮೇಲಿಟ್ಟುಕೊಂಡು ಅವರು ಹಾಡುತ್ತಿದ್ದುದನ್ನು ಹೇಳಿದೆ. ಅದೇ ಕೈಗಳನ್ನು ಹಿಡಿದು ಇಳಿಸುತ್ತಿದ್ದುದನ್ನೂ ಹೇಳಿದೆ. ನನ್ನ ಬೆರಳುಗಳು ಬೇರೆ ಯಾರದೋ ಕಥೆ ಹೇಳುತ್ತಿರುವಂತೆ ನೋಡುತ್ತಿದ್ದೆ.

ಗೋಡೆಗೊರಗಿ ಕುಳಿತಿದ್ದ ಅಮ್ಮ ಎದ್ದು ಬಂದು ನನ್ನ ಮಣಿಕಟ್ಟು ಹಿಡಿದಳು. ಇಳಿಸುವುದಕ್ಕೆ ಎಂದುಕೊಂಡೆ.

"ಎಲ್ಲರೂ ಮತ್ತೆ ಮತ್ತೆ ಮೂಗಿನ ಕೆಳಗೆ ಬೆರಳು ಎಳೀತೀರಲ್ಲ, ಅದೇನು?"

"ಸನ್ನೆಯಲ್ಲಿ ಅಪ್ಪನ ಹೆಸರಮ್ಮ. ಮೀಸೆ ತೆಗೆದವರು ಅಂತ. ನಮ್ಮವರು ಇಟ್ಟಿದ್ದು."

ಮದುವೆಯಾದಂದಿನಿಂದ ಗಂಡನ ಹೆಸರನ್ನು ಒಮ್ಮೆಯೂ ನಾಲಿಗೆಯ ಮೇಲೆ ತರದಿದ್ದ ಅಮ್ಮ, ಬೆರಳನ್ನು ಮೇಲ್ದುಟಿಯ ಮೇಲೆ ನಿಧಾನವಾಗಿ ಎಳೆದಳು. ವಿಮಲಾಕ್ಷಿ ಅವಳ ಬೆರಳನ್ನು ಹಿಡಿದು ತುಸು ತಿದ್ದಿದಳು. ಅಮ್ಮ ಇನ್ನೊಮ್ಮೆ ಎಳೆದಳು. ದೊಡ್ಡಪ್ಪ ಹೊರಗೆ ಹೋದರು.

ಮಣ್ಣು ಮಾಡಿ ಬಂದ ಮೇಲೆ ಗೆಳೆಯರು ನಮ್ಮ ಬೀದಿಯ ತುದಿಯಲ್ಲಿ ಬಸ್ಸು ಹತ್ತಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಎದೆಯೊಳಗೆ ಇನ್ನೂ ಏನೂ ಅಲುಗಿರಲಿಲ್ಲ. ಬಸ್ಸು ಹೊರಟಿತು. ಬಾಯಿಮಾತಾಗಿದ್ದರೆ ದನಿ ಮುಟ್ಟದೆ ಅಲ್ಲಿಗೇ ನಿಲ್ಲಬೇಕಿತ್ತು. ಕಿಟಕಿಯಾಚೆ ವಿಮಲಾಕ್ಷಿಯ ಕೈಗಳು ಮಾತಾಡುತ್ತಲೇ ಇದ್ದವು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಾನು ಉತ್ತರ ಹೇಳುತ್ತಲೇ ಇದ್ದೆ.